ಮೂವತ್ತು ವರ್ಷದ ಮಿಯಾಟಾಗೆ ಬುಶ್ ಹಾಕಿದ ಕಥೆ: ರಬ್ಬರೋ, ಪಾಲಿಯೋ?

ನನ್ನ ಹತ್ರ ಇರೋದು 1992ರ ಮಜ್ದಾ ಮಿಯಾಟಾ. ಎರಡೇ ಸೀಟು, ಬಟ್ಟೆ ಟಾಪು, 1.6 ಲೀಟರ್ ಎಂಜಿನ್, ತೂಕ ಒಂದು ಟನ್ನಿಗಿಂತ ಕಡಿಮೆ. ಕೊಂಡ ದಿನ ದಾವಣಗೆರೆಗೆ ಫೋನ್ ಮಾಡಿ ಅಪ್ಪನಿಗೆ ಹೇಳಿದೆ. "ಮಜ್ದಾ ಅಂದ್ರೆ ಸ್ಕೂಲ್ ವ್ಯಾನು ಅಲ್ವೇನೋ?" ಅಂದರು. ಅವರ ತಪ್ಪೇನಿಲ್ಲ. ನಮ್ಮ ಕಡೆ ಎಲ್ಲರೂ ನೋಡಿದ್ದು ಸ್ವರಾಜ್ ಮಜ್ದಾ ಒಂದೇ, ಈ ಕಾರು ಆ ಕಡೆ ಮಾರಾಟಕ್ಕೇ ಬರಲಿಲ್ಲ.

ನಾನಿರೋದು ಮಿಶಿಗನ್‌ನಲ್ಲಿ. ಇಲ್ಲಿ ಚಳಿಗಾಲದಲ್ಲಿ ಹಿಮ ಕರಗಲಿ ಅಂತ ರಸ್ತೆಗೆ ಉಪ್ಪು ಸುರಿಯುತ್ತಾರೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತಾರಲ್ಲ, ಇಲ್ಲಿ ಉಪ್ಪು ತಿನ್ನೋದು ಕಾರು, ನೀರು ಕುಡಿಯೋದು ಓನರ್ರು. ಈ ಮಾತು ಯಾಕೆ ಬಂತು ಅನ್ನೋದು ಬೋಲ್ಟ್ ಬಿಚ್ಚೋ ಹೊತ್ತಿಗೆ ಗೊತ್ತಾಗುತ್ತೆ.

ಮೊದಲು ಕಂಡ ಲಕ್ಷಣ ಏನು ಅಂದರೆ, ಬ್ರೇಕ್ ಒತ್ತಿದಾಗ ಸ್ಟೀರಿಂಗ್ ಒಂದು ಚೂರು ಎಡಕ್ಕೆ, ಬಿಟ್ಟ ಕೂಡಲೇ ಬಲಕ್ಕೆ ಹೋಗುತ್ತಿತ್ತು. ಅಲೈನ್‌ಮೆಂಟ್ (ಚಕ್ರಗಳ ದಿಕ್ಕು ಸರಿ ಕೂರಿಸೋದು) ಮಾಡಿಸಿದೆ. ಎರಡು ತಿಂಗಳಲ್ಲಿ ಮತ್ತೆ ಅದೇ ಕಥೆ. ಮತ್ತೆ ಮಾಡಿಸಿದೆ. ಮಾಡಿದ ಅಂಗಡಿಯವನು "ಟೈರ್ ಬದಲಾಯಿಸಿ" ಅಂದ, ಅದನ್ನೂ ಬದಲಾಯಿಸಿದೆ, ದುಡ್ಡು ಹೋಯಿತೇ ಹೊರತು ಎಳೆತ ಹೋಗಲಿಲ್ಲ. ಕೊನೆಗೆ ಒಂದು ಶನಿವಾರ ಕಾರು ಎತ್ತಿ, ಚಕ್ರ ಬಿಚ್ಚಿ, ಲೋವರ್ ಆರ್ಮ್ (ಚಕ್ರವನ್ನು ಹಿಡಿದಿರುವ ಕೆಳಗಿನ ತೋಳು) ಮತ್ತು ಸಬ್‌ಫ್ರೇಮ್ (ಅದು ಕೂರುವ ಚೌಕಟ್ಟು) ನಡುವೆ ಕಬ್ಬಿಣದ ಕೋಲು ಹಾಕಿ ಮೀಟಿದೆ. ಆರ್ಮು ಹಲ್ಲು ಸಡಿಲಾದ ಹಾಗೆ ಅಲ್ಲಾಡಿತು. ಟಾರ್ಚ್ ಬಿಟ್ಟು ನೋಡಿದರೆ ಬುಶ್ಶಿನ, ಅಂದರೆ ಆರ್ಮಿನ ಕೀಲಿಗೆ ಹಾಕುವ ಮೆತ್ತೆಯ, ರಬ್ಬರ್ ಸುತ್ತಲೂ ಬಿರುಕು, ಬೇಸಿಗೆಯಲ್ಲಿ ಒಣಗಿದ ಕೆರೆ ಅಂಗಳದ ಥರ. ರಬ್ಬರ್ ಹಾಗಾದ ಮೇಲೆ ಅಲೈನ್‌ಮೆಂಟ್ ಯಂತ್ರದ ಮೇಲೆ ಎಷ್ಟು ಸರಿಯಾಗಿ ಕೂರಿಸಿದರೂ ಬ್ರೇಕ್ ಒತ್ತಿದ ತಕ್ಷಣ ಆರ್ಮ್ ಹಿಂದಕ್ಕೆ ಸರಿಯುತ್ತೆ, ಚಕ್ರದ ದಿಕ್ಕು ಬದಲಾಗುತ್ತೆ. ನಿಂತ ಕಾರಿನಲ್ಲಿ ಅದು ಕಾಣೋದೇ ಇಲ್ಲ.

ಈ ಕಾರಿನಲ್ಲಿ ನಾಲ್ಕೂ ಮೂಲೆಗೆ ಡಬಲ್ ವಿಶ್‌ಬೋನ್. ಅಂದರೆ ಪ್ರತಿ ಚಕ್ರಕ್ಕೂ ಮೇಲೊಂದು, ಕೆಳಗೊಂದು ಆರ್ಮು. ಒಟ್ಟು ಬುಶ್ ಸುಮಾರು ಇಪ್ಪತ್ತು. ಒಂದೋ ಎರಡೋ ಬದಲಾಯಿಸಿ ಸುಮ್ನಾಗೋಣ ಅಂದುಕೊಂಡಿದ್ದೆ, ಆದರೆ ಎಲ್ಲದಕ್ಕೂ ವಯಸ್ಸು ಒಂದೇ ಅಲ್ವಾ. ಎಲ್ಲವನ್ನೂ ಮಾಡೋದು ಅಂತ ಆಯಿತು. ಹೆಂಡತಿ ಲೆಕ್ಕ ಕೇಳಿ, "ನಾಲ್ಕಾಣೆ ಕೋಳಿಗೆ ಹನ್ನೆರಡಾಣೆ ಮಸಾಲೆ ಆಯ್ತಲ್ರೀ" ಅಂದಳು. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ಸರಿ, ಯಾವ ಬುಶ್? ಯಾರನ್ನೇ ಕೇಳಿ, ಒಬ್ಬರು ಪಾಲಿಯುರೆಥೇನ್ (ರಬ್ಬರಿಗಿಂತ ಗಟ್ಟಿಯಾದ ಪ್ಲಾಸ್ಟಿಕ್, ಚಿಕ್ಕದಾಗಿ ಪಾಲಿ) ಹಾಕಿ ಅಂತಾರೆ, ಇನ್ನೊಬ್ಬರು ಕಂಪನಿ ರಬ್ಬರ್ ಬಿಟ್ಟು ಬೇರೆ ಮುಟ್ಟಬೇಡಿ ಅಂತಾರೆ. ಇಬ್ಬರೂ ಜಗಳಕ್ಕೇ ನಿಲ್ಲುತ್ತಾರೆ. ನಾನು ಮೊದಲು ಹಿಂದೆ ಮುಂದೆ ನೋಡದೆ ಪಾಲಿ ಸೆಟ್ ತರಿಸಿಯೂ ಬಿಟ್ಟಿದ್ದೆ. ಕಾರಣ ಎರಡು. ರಬ್ಬರಿಗಿಂತ ಅಗ್ಗ. ಮತ್ತೆ ಅದನ್ನು ಕೂರಿಸೋಕೆ ಪ್ರೆಸ್ (ಒತ್ತುವ ಯಂತ್ರ) ಬೇಡ. ಎರಡು ಹೋಳಾಗಿ ಬರುತ್ತೆ, ಗ್ರೀಸ್ ಹಚ್ಚಿ ಆ ಕಡೆಯಿಂದ ಒಂದು, ಈ ಕಡೆಯಿಂದ ಒಂದು ಕೈಯಲ್ಲೇ ಒತ್ತಿ, ನಡುವೆ ಕಬ್ಬಿಣದ ಸ್ಲೀವ್ (ಬೋಲ್ಟ್ ಹಾಯುವ ಕೊಳವೆ) ತೂರಿಸಿದರೆ ಆಯಿತು. ಮನೆ ಗ್ಯಾರೇಜಿನಲ್ಲಿ ಒಬ್ಬನೇ ಕೆಲಸ ಮಾಡುವವನಿಗೆ ಇದು ದೊಡ್ಡ ಆಸೆ ತೋರಿಸುತ್ತೆ.

ಆದರೆ ಡಬ್ಬ ಬಂದ ಮೇಲೆ, ಹವಾಮಾನ ಕೆಟ್ಟು ಎರಡು ವಾರ ಕೆಲಸ ಮುಂದಕ್ಕೆ ಹೋಯಿತು. ಆ ಎರಡು ವಾರ ಕೂತು ಯೋಚನೆ ಮಾಡಿದ್ದೇ ಒಳ್ಳೆಯದಾಯಿತು.

ರಬ್ಬರ್ ಬುಶ್ಶು ತಿರುಗೋದಿಲ್ಲ. ಇದನ್ನು ಬಹಳ ಜನ ಗಮನಿಸಿರೋದಿಲ್ಲ, ನನಗೂ ಗೊತ್ತಿರಲಿಲ್ಲ. ರಬ್ಬರು ಒಳಗಿನ ಸ್ಲೀವಿಗೆ ಅಂಟಿಕೊಂಡಿರುತ್ತೆ, ಬೋಲ್ಟ್ ಟೈಟ್ ಮಾಡಿದಾಗ ಸ್ಲೀವ್ ಸಬ್‌ಫ್ರೇಮಿಗೆ ಕಚ್ಚಿಕೊಳ್ಳುತ್ತೆ. ಆರ್ಮ್ ಮೇಲೆ ಕೆಳಗೆ ಹೋದಾಗ ಒದ್ದೆ ಬಟ್ಟೆ ಹಿಂಡಿದ ಹಾಗೆ ರಬ್ಬರೇ ಹಿಂಡಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತೆ. ಉಜ್ಜಾಟ ಇಲ್ಲ, ಹಾಗಾಗಿ ಗ್ರೀಸ್ ಬೇಡ, ಸದ್ದೂ ಇಲ್ಲ. ಪಾಲಿ ಹಾಗಲ್ಲ. ಅದು ಸ್ಲೀವಿನ ಸುತ್ತ ನಿಜವಾಗಲೂ ತಿರುಗುತ್ತೆ. ಗ್ರೀಸ್ ಇರೋವರೆಗೆ ಸೊಗಸು. ಒಣಗಿತು ಅಂದರೆ ಹಳೇ ಮನೆ ಬಾಗಿಲಿನ ಥರ ಕಿರ್ ಕಿರ್, ಆಮೇಲೆ ಹಿಡಿದುಕೊಳ್ಳೋಕೆ ಶುರು.

ಗಟ್ಟಿತನದ ಲೆಕ್ಕ ಶೋರ್ ಎ ಅನ್ನೋ ಅಳತೆಯಲ್ಲಿ, ಅಂಕಿ ಜಾಸ್ತಿ ಆದಷ್ಟೂ ಗಟ್ಟಿ. ಮಾಮೂಲಿ ರಬ್ಬರ್ 50ರಿಂದ 70ರ ಒಳಗೆ, ಪಾಲಿ 80ರಿಂದ 95ರ ತನಕ. ಪವರ್‌ಫ್ಲೆಕ್ಸ್ ಅನ್ನೋ ಪಾಲಿ ಬುಶ್ ಕಂಪನಿಯವರು ರಸ್ತೆಗೆ ನೇರಳೆ, ರೇಸ್ ಟ್ರ್ಯಾಕಿಗೆ ಕಪ್ಪು ಅಂತ ಬಣ್ಣದಲ್ಲೇ ಬೇರೆ ಮಾಡಿಟ್ಟಿದ್ದಾರೆ, ಕಪ್ಪು ಜಾಸ್ತಿ ಗಟ್ಟಿ. ಎನರ್ಜಿ ಸಸ್ಪೆನ್ಶನ್, ಸೂಪರ್‌ಪ್ರೋ ಇವೆಲ್ಲಾ ಇದೇ ಜಾತಿ.

ಪಾಲಿ ಎಲ್ಲಾ ಕಾರಿಗೂ ಕೆಟ್ಟದ್ದು ಅಂತ ಹೇಳೋರ ಮಾತು ಅರ್ಧ ನಿಜ. ಆರ್ಮ್ ಒಂದೇ ಅಚ್ಚಿನ ಮೇಲೆ ಬಾಗಿಲಿನ ಹಾಗೆ ಆಡುತ್ತಿದ್ದರೆ ಪಾಲಿ ಚೆನ್ನಾಗಿ ಕೆಲಸ ಮಾಡುತ್ತೆ, ಮಿಯಾಟಾದ್ದು ಹೆಚ್ಚು ಕಡಿಮೆ ಹಾಗೇ. ಆದರೆ ಹಿಂದುಗಡೆ ಗಟ್ಟಿ ಆಕ್ಸಲ್ ಇದ್ದು ಓರೆ ಲಿಂಕುಗಳಿಂದ ಹಿಡಿದಿರುವ ಕಾರುಗಳಲ್ಲಿ, ಉದಾಹರಣೆಗೆ 80, 90ರ ದಶಕದ ಫೋರ್ಡ್ ಮಸ್ಟಾಂಗ್‌ಗಳಲ್ಲಿ, ಬುಶ್ಶು ತಿರುಗೋದಷ್ಟೇ ಅಲ್ಲ, ಪಕ್ಕಕ್ಕೂ ಓರೆಯಾಗಬೇಕು. ಅಲ್ಲಿ ಪಾಲಿ ಹಾಕಿದರೆ ಸಸ್ಪೆನ್ಶನ್ ಬಿಗಿದುಕೊಳ್ಳುತ್ತೆ. ಹಾಗಾಗಿ ಬುಶ್ ಆರಿಸೋ ಮೊದಲು ಕಾರಿನ ಕೆಳಗೆ ಮಲಗಿ, ಆ ಆರ್ಮ್ ಯಾವ ಕಡೆ ಆಡುತ್ತೆ ಅಂತ ನೋಡಿ. ಬ್ರ್ಯಾಂಡ್ ಆಮೇಲೆ.

ಹಾಗಾದರೆ ನನ್ನ ಕಾರಿಗೆ ಪಾಲಿ ಆಗುತ್ತಿತ್ತು. ಆದರೂ ವಾಪಸ್ ಕಳಿಸಿದೆ. ಯಾಕೆ ಅಂದರೆ ಇಲ್ಲಿ ಪಾರ್ಕಿಂಗ್ ಜಾಗದಲ್ಲಿ ಕೋನ್ ಇಟ್ಟು ಆಟೋಕ್ರಾಸ್ ಓಡಿಸುವ ಗುಂಪೊಂದಿದೆ, ಅಲ್ಲಿ ಇಬ್ಬರ ಹತ್ರ ನನ್ನ ಕಾರಿನ ವಯಸ್ಸಿನದೇ ಮಿಯಾಟಾ ಇತ್ತು. ಒಂದಕ್ಕೆ ಪಾಲಿ, ಒಂದಕ್ಕೆ ಹೊಸ ರಬ್ಬರ್. ಎರಡನ್ನೂ ಬೇಡಿಕೊಂಡು ಓಡಿಸಿದೆ. ನಿಜ ಹೇಳಬೇಕಂದ್ರೆ ಕೋನ್‌ಗಳ ನಡುವೆ ನನ್ನಂಥವನಿಗೆ ಎರಡರ ವ್ಯತ್ಯಾಸ ಬಹಳ ಕಡಿಮೆ ಗೊತ್ತಾಯಿತು. ನನ್ನ ಸತ್ತ ಬುಶ್ಶಿಗೂ ಆ ಎರಡಕ್ಕೂ ಇದ್ದ ವ್ಯತ್ಯಾಸವೇ ಅಜಗಜಾಂತರ. ಆದರೆ ಮನೆಗೆ ಬರೋ ಗುಂಡಿ ರಸ್ತೆಯಲ್ಲಿ ಪಾಲಿ ಕಾರಿನ ಪ್ರತಿ ಸಣ್ಣ ಅದುರು ಸೀಟಿಗೆ ಬಂತು, ರಬ್ಬರ್ ಕಾರಿನಲ್ಲಿ ಬರಲಿಲ್ಲ. ಜೊತೆಗೆ ಪಾಲಿ ಕಾರಿನವನೇ ಹೇಳಿದ, ಎರಡು ವರ್ಷಕ್ಕೊಮ್ಮೆ ಎಲ್ಲಾ ಬಿಚ್ಚಿ ಗ್ರೀಸ್ ಹಚ್ಚುತ್ತೀನಿ ಅಂತ. ಎರಡು ವರ್ಷಕ್ಕೊಮ್ಮೆ! ನಾನು ಆ ಜಾತಿಯ ಮನುಷ್ಯ ಅಲ್ಲ.

ಡೆಲ್ರಿನ್ (ಇನ್ನೂ ಗಟ್ಟಿ ಪ್ಲಾಸ್ಟಿಕ್), ಸ್ಫೆರಿಕಲ್ ಬೇರಿಂಗ್ (ಲೋಹದ ಗುಂಡು ಕೀಲು) ಇವೆಲ್ಲಾ ರೇಸ್ ಕಾರಿಗೆ. ನೋಡಿದೆ, ಬಿಟ್ಟೆ.

ಕೊನೆಗೆ ಎಲ್ಲಾ ಆರ್ಮ್‌ಗೂ ಮಾಮೂಲಿ ಗಟ್ಟಿತನದ ರಬ್ಬರ್, ಆಂಟಿ ರೋಲ್ ಬಾರ್‌ಗೆ (ತಿರುವಿನಲ್ಲಿ ಕಾರು ವಾಲದಂತೆ ಹಿಡಿಯುವ ಸರಳು) ಮಾತ್ರ ಪಾಲಿ ಅಂತ ತೀರ್ಮಾನಿಸಿದೆ. ಬಾರ್ ಬುಶ್ ಬಿಚ್ಚೋಕೆ ಎರಡು ಬೋಲ್ಟ್ ಸಾಕು, ಸದ್ದು ಬಂದರೆ ಅರ್ಧ ಗಂಟೆಯಲ್ಲಿ ಗ್ರೀಸ್ ಹಚ್ಚಬಹುದು. ತಿರುವಿನಲ್ಲಿ ಬಾರ್ ಬೇಗ ಕೆಲಸ ಶುರು ಮಾಡುತ್ತೆ. ಅಗ್ಗದ ಸುಖ.

ಈಗ ಬಿಚ್ಚಿದ ಕಥೆ. ಮಿಯಾಟಾದ ಲೋವರ್ ಆರ್ಮ್‌ಗಳ ಒಳಗಿನ ತುದಿಯಲ್ಲಿ ಪ್ರತಿ ಮೂಲೆಗೆ ಎರಡರಂತೆ ಒಟ್ಟು ಎಂಟು ಕ್ಯಾಮ್ ಬೋಲ್ಟ್ ಇವೆ. ಅಲೈನ್‌ಮೆಂಟ್ ಮಾಡೋದು ಅದನ್ನು ತಿರುಗಿಸಿ. ಉಪ್ಪು ನೀರು ಒಳಗೆ ಹೋಗಿ ಬೋಲ್ಟು ಮತ್ತು ಬುಶ್ಶಿನ ಸ್ಲೀವು ತುಕ್ಕಲ್ಲಿ ಒಂದಾಗಿಬಿಡುತ್ತವೆ. ಒಂದು ವಾರ ದಿನಾ ಸಂಜೆ ತುಕ್ಕು ಬಿಡಿಸೋ ಎಣ್ಣೆ ಹೊಡೆದೆ. ಬೆಂಕಿ ಕೊಟ್ಟೆ, ರಬ್ಬರ್ ಸುಟ್ಟು ಗ್ಯಾರೇಜ್ ತುಂಬಾ ಹೊಗೆ, ಪಕ್ಕದ ಮನೆಯವರು ಬಂದು ಇಣುಕಿ ಹೋದರು. ಎಂಟರಲ್ಲಿ ಐದು ಬಂತು, ಮೂರು ಬರಲಿಲ್ಲ. ಹಿಂದಿನ ಚಕ್ರದ ಕೆಳಗೆ ಅಡ್ಡಲಾಗಿ ಹೋಗುವ ಉದ್ದನೆಯ ಬೋಲ್ಟ್ ಇದೆಯಲ್ಲ, ಅದಂತೂ ಜಗ್ಗಲೇ ಇಲ್ಲ. ಗರಗಸದ ಮೆಷಿನ್ ತಂದು ಆರ್ಮ್ ಮತ್ತು ಬ್ರಾಕೆಟ್ ನಡುವಿನ ಸಂದಿಯಲ್ಲಿ ಬ್ಲೇಡ್ ತೂರಿಸಿ ಕೊಯ್ದೆ. ಒಂದೊಂದು ಬೋಲ್ಟಿಗೆ ಎರಡು ಮೂರು ಬ್ಲೇಡ್ ಹೋಯಿತು. ಹಾಗಾಗಿ ಬುಶ್ ಆರ್ಡರ್ ಮಾಡುವಾಗಲೇ ಹೊಸ ಕ್ಯಾಮ್ ಬೋಲ್ಟ್ ಸೆಟ್ಟೂ ತರಿಸಿಡಿ. ನಾನು ತರಿಸಿರಲಿಲ್ಲ, ಹತ್ತು ದಿನ ಕಾರು ಸ್ಟ್ಯಾಂಡಿನ ಮೇಲೆ ಕಾಲಿಲ್ಲದೆ ಕೂತಿತ್ತು.

ಬಿಚ್ಚೋ ಮೊದಲು ಮಾಡಿದ ಎರಡು ಕೆಲಸ ಆಮೇಲೆ ಉಪಯೋಗಕ್ಕೆ ಬಂದವು. ಪ್ರತಿ ಕ್ಯಾಮ್ ಎಲ್ಲಿ ನಿಂತಿದೆ ಅಂತ ಬಿಳಿ ಪೇಂಟಿನ ಗುರುತು ಹಾಕಿದೆ. ಮತ್ತೆ ಕಾರು ನೆಲದ ಮೇಲೆ ನಿಂತಿದ್ದಾಗ ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿಗೆ ಎಷ್ಟು ಅಂತ ಟೇಪ್ ಹಿಡಿದು ಬರೆದಿಟ್ಟೆ. ನನ್ನ ಕಾರಿನಲ್ಲಿ ಮುಂದೆ 34.5 ಸೆಂಟಿಮೀಟರ್, ಹಿಂದೆ 35.

ಹಳೇ ಬುಶ್ ತೆಗೆಯೋಕೆ ಅದರ ಅಂಚಿನ ರಬ್ಬರ್ ತುಟಿಯನ್ನು ಚಾಕುವಿನಿಂದ ಕುಯ್ದು, ಸರಿಯಾದ ಅಳತೆಯ ಸಾಕೆಟ್ ಇಟ್ಟು ಪ್ರೆಸ್‌ನಲ್ಲಿ ಒತ್ತಿದೆ. ಪ್ರೆಸ್ ಸ್ನೇಹಿತನದು. ಊರಲ್ಲಾಗಿದ್ದರೆ ಆರ್ಮ್‌ಗಳನ್ನು ಚೀಲಕ್ಕೆ ತುಂಬಿ ಲೇತ್ ಅಂಗಡಿಗೆ ಒಯ್ದಿದ್ದರೆ ಟೀ ಕುಡಿಯೋದರೊಳಗೆ ಮುಗಿಸಿಕೊಡುತ್ತಿದ್ದರು. ಇಲ್ಲಿ ನನಗೆ ಎರಡು ಭಾನುವಾರ ಹಿಡಿಯಿತು. ಹೊಸದನ್ನು ಹಾಕುವಾಗ ಸೋಪಿನ ನೀರು ಹಚ್ಚಿ. ಪೆಟ್ರೋಲಿಯಂ ಗ್ರೀಸ್ ಬೇಡ, ರಬ್ಬರ್ ಊದಿಕೊಳ್ಳುತ್ತೆ.

ಮುಖ್ಯವಾದ ತಪ್ಪು ಇನ್ನೂ ಹೇಳಿಲ್ಲ. ಹಿಂದಿನ ಎರಡೂ ಕಡೆ ಜೋಡಿಸಿ ಖುಷಿಯಲ್ಲಿ, ಚಕ್ರ ಗಾಳಿಯಲ್ಲಿ ನೇತಾಡುತ್ತಿರುವಾಗಲೇ ಎಲ್ಲಾ ಬೋಲ್ಟನ್ನು ಪೂರ್ತಿ ಟೈಟ್ ಮಾಡಿಬಿಟ್ಟೆ. ಕಾರು ಇಳಿಸಿದರೆ ಹಿಂದುಗಡೆ ಎದ್ದು ನಿಂತಿದೆ, ಜಗಳಕ್ಕೆ ಬಂದ ಹುಂಜದ ಹಾಗೆ. ಟೇಪ್ ಹಿಡಿದರೆ ಎರಡು ಸೆಂಟಿಮೀಟರ್ ಜಾಸ್ತಿ. ಸ್ಪ್ರಿಂಗ್ ತಪ್ಪು ಹಾಕಿದೆನಾ ಅಂತ ಗಾಬರಿಯಾಯಿತು. ಆಮೇಲೆ ಹೊಳೆಯಿತು. ರಬ್ಬರ್ ತಿರುಗಲ್ಲ ಅಂತ ನಾನೇ ಓದಿ ಒಪ್ಪಿಕೊಂಡಿದ್ದೆನಲ್ಲ! ಆರ್ಮ್ ನೇತಾಡುತ್ತಿದ್ದ ಜಾಗದಲ್ಲೇ ಸ್ಲೀವ್ ಕಚ್ಚಿಸಿದ್ದೆ, ಈಗ ಕಾರು ನಿಂತಾಗಲೂ ಇಪ್ಪತ್ತು ರಬ್ಬರಿನಲ್ಲಿ ಅರ್ಧ ಹಿಂಡಿಕೊಂಡೇ ಕೂತಿವೆ. ಹಾಗೇ ಓಡಿಸಿದ್ದರೆ ಬೇಗ ಹರಿಯುತ್ತಿದ್ದವು. ಎಲ್ಲಾ ಸಡಿಲ ಮಾಡಿ, ಪ್ರತಿ ಮೂಲೆಯಲ್ಲಿ ಆರ್ಮ್ ಕೆಳಗೆ ಜಾಕ್ ಕೊಟ್ಟು, ಬರೆದಿಟ್ಟ ಅಳತೆಗೆ ಬರೋವರೆಗೆ ಎತ್ತಿ, ಆ ಸ್ಥಿತಿಯಲ್ಲಿ ಟೈಟ್ ಮಾಡಿದೆ. ಪಾಲಿಯಲ್ಲಿ ಈ ತಲೆನೋವೇ ಇಲ್ಲ, ಅದನ್ನೂ ಹೇಳಿಬಿಡಬೇಕು.

ಆಮೇಲೆ ಅಲೈನ್‌ಮೆಂಟ್. ಅಂಗಡಿಯವನಿಗೂ ಇದನ್ನೇ ಹೇಳಿದೆ: ಕಾರಿನ ಭಾರ ಚಕ್ರದ ಮೇಲಿರುವಾಗಲೇ ಬೋಲ್ಟ್ ಬಿಗಿಯಬೇಕು ಅಂತ. ಹೊಸ ಕ್ಯಾಮ್ ಬೋಲ್ಟಿಗೆ ಆಂಟಿ ಸೀಜ್ (ತುಕ್ಕಲ್ಲಿ ಕಚ್ಚಿಕೊಳ್ಳದಂತೆ ಹಚ್ಚುವ ಲೇಪ) ಹಚ್ಚಿದ್ದರಿಂದ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ತಿರುಗಿದವು. ಬ್ರೇಕ್ ಒತ್ತಿದರೆ ಈಗ ಕಾರು ನೆಟ್ಟಗೆ ನಿಲ್ಲುತ್ತೆ. ಎರಡು ಬೇಸಿಗೆ ಆಯಿತು, ಅಲೈನ್‌ಮೆಂಟ್ ಕದಲಿಲ್ಲ.

ಒಂದೇ ಒಂದು ಸದ್ದು ಉಳಿದಿತ್ತು. ಮುಂದಿನ ಬಲಗಡೆ, ಸ್ಪೀಡ್ ಬ್ರೇಕರ್ ಮೇಲೆ ಟಕ್ ಅಂತ. ಹೊಸ ಬುಶ್ಶನ್ನೇ ಬೈಯುತ್ತಾ ಎರಡು ಸಲ ಬಿಚ್ಚಿ ನೋಡಿದೆ. ಬುಶ್ ಅಲ್ಲ, ಮೇಲಿನ ಬಾಲ್ ಜಾಯಿಂಟ್ (ಆರ್ಮಿನ ಹೊರತುದಿಯ ಗುಂಡು ಕೀಲು). ಈ ಕಾರಿನಲ್ಲಿ ಕೆಳಗಿನ ಬಾಲ್ ಜಾಯಿಂಟ್ ಬಿಡಿಯಾಗಿ ಬದಲಾಯಿಸಬಹುದು, ಮೇಲಿನದು ಆರ್ಮ್‌ನ ಜೊತೆಗೇ ಬರುತ್ತೆ. ಹೊಸ ಆರ್ಮ್ ತರಿಸಿದೆ. ಡಬ್ಬ ಬಿಚ್ಚಿದರೆ ಅದರಲ್ಲಿ ಎರಡು ಹೊಸ ಬುಶ್ಶು ಆಗಲೇ ಒತ್ತಿ ಕೂರಿಸಿತ್ತು. ನಾನು ಅರ್ಧ ಭಾನುವಾರ ಒದ್ದಾಡಿ ಒತ್ತಿದ ಎರಡು ಬುಶ್ಶು ಹಳೇ ಆರ್ಮ್ ಸಮೇತ ಗ್ಯಾರೇಜಿನ ಗೋಡೆಗೆ ನೇತಾಡುತ್ತಿವೆ. ಬುಶ್ ಆರ್ಡರ್ ಮಾಡೋ ಮೊದಲು ಬಾಲ್ ಜಾಯಿಂಟ್ ಅಲ್ಲಾಡಿಸಿ ನೋಡಿ ಮಾರಾಯ್ರೆ.