ಸುಣ್ಣಕಲ್ಲಿನ ಮೇಲಿರುವ ನಮ್ಮ ಮನೆಯೂ ನೆಲದಿಂದ ಬಂದ ರೇಡಾನೂ

ಅಪ್ಪ ಅಮ್ಮ ಮೈಸೂರಿನಿಂದ 6 ತಿಂಗಳಿಗೆ ಬರುವವರಿದ್ದರು. ಅವರಿಗೆ ಅಂತ ಬೇಸ್‌ಮೆಂಟ್‌ನಲ್ಲಿ ರೂಮು ಸಿದ್ಧ ಮಾಡಿದ್ದೆವು. ಅಲ್ಲೇ ಬಾತ್‌ರೂಮ್ ಇದೆ, ಹಿಂದಿನ ಬಾಗಿಲು ತೆಗೆದರೆ ನೇರ ಹಿತ್ತಲು. ಮಂಚ, ರಗ್ಗು, ದೇವರ ಫೋಟೋ ಎಲ್ಲಾ ಇಟ್ಟಾದ ಮೇಲೆ ನನ್ನ ಹೆಂಡತಿ ಕೇಳಿದಳು: "ರೇಡಾನ್ ಟೆಸ್ಟ್ ಮಾಡಿಸಿದ್ದೀವಾ?"

ಮಾಡಿಸಿರಲಿಲ್ಲ. ರೇಡಾನ್ ಅಂದರೆ ನೆಲದೊಳಗಿನ ಯುರೇನಿಯಂ ಒಡೆಯುತ್ತಾ ಹೋದಾಗ ಹುಟ್ಟುವ ವಿಕಿರಣ ಸೂಸುವ ಅನಿಲ. ನಾವಿರುವುದು ಅಮೆರಿಕದ ಪೆನ್ಸಿಲ್ವೇನಿಯಾದ ಲೀಹೈ ಕಣಿವೆಯಲ್ಲಿ. ಮನೆ ಕೊಳ್ಳುವಾಗ ಪೈಪೋಟಿ ಜಾಸ್ತಿ ಇತ್ತು, ಟೆಸ್ಟ್ ಬೇಡ ಅಂತ ಬರೆದುಕೊಟ್ಟು ಕೊಂಡಿದ್ದೆ. ಅದರ ಹಿಂದೆ ನನ್ನದೊಂದು ತಪ್ಪು ಲೆಕ್ಕವೂ ಇತ್ತು. ನಾನು ಓದಿದ್ದು ಭೂವಿಜ್ಞಾನ. ಮನೆ ಕೊಳ್ಳುವ ಮೊದಲು ಶಿಲೆಗಳ ನಕ್ಷೆ ನೋಡಿದ್ದೆ. ನಮ್ಮ ದಕ್ಷಿಣಕ್ಕಿರುವ ಬೆಟ್ಟಸಾಲು ಹಳೆಯ ನೈಸ್ ಶಿಲೆ, ಅಂದರೆ ಶಾಖ, ಒತ್ತಡಕ್ಕೆ ಸಿಕ್ಕಿ ರೂಪ ಬದಲಾದ ಗಟ್ಟಿ ಬಂಡೆ. ರೆಡಿಂಗ್ ಪ್ರಾಂಗ್ ಅಂತ ಅದರ ಹೆಸರು. ಪೆನ್ಸಿಲ್ವೇನಿಯಾದಿಂದ ನ್ಯೂಜೆರ್ಸಿ, ನ್ಯೂಯಾರ್ಕ್ ಕಡೆಗೆ ಚಾಚಿಕೊಂಡಿದೆ. ಆ ಶಿಲೆಯಲ್ಲಿ ಯುರೇನಿಯಂ ಇದೆ, ಹಾಗಾಗಿ ರೇಡಾನ್ ವಿಷಯದಲ್ಲಿ ಅದು ಹೆಸರುವಾಸಿ. ನಮ್ಮ ಮನೆ ಇರುವುದು ಕೆಳಗೆ ಕಣಿವೆಯಲ್ಲಿ, ಸುಣ್ಣಕಲ್ಲು ಮತ್ತು ಅದೇ ಜಾತಿಯ ಡಾಲಮೈಟ್ ಮೇಲೆ. ಸುಣ್ಣಕಲ್ಲಿನಲ್ಲಿ ಸಾಮಾನ್ಯವಾಗಿ ಯುರೇನಿಯಂ ಕಡಿಮೆ. "ನಮಗೆ ತೊಂದರೆ ಇಲ್ಲ" ಅಂದುಕೊಂಡು ಸುಮ್ಮನಾಗಿದ್ದೆ.

ಹಾರ್ಡ್‌ವೇರ್ ಅಂಗಡಿಯಲ್ಲಿ ಇದ್ದಿಲು ತುಂಬಿದ ಟೆಸ್ಟ್ ಡಬ್ಬಿ ಸಿಗುತ್ತದೆ. ಎರಡು ತಂದೆ. 12 ಗಂಟೆ ಮೊದಲೇ ಕಿಟಕಿ ಬಾಗಿಲು ಮುಚ್ಚಿ, ಆಮೇಲೆ ಎರಡನ್ನೂ ಮಂಚದ ಪಕ್ಕದ ಮೇಜಿನ ಮೇಲೆ ಅಕ್ಕಪಕ್ಕ ತೆರೆದಿಟ್ಟೆ. 48 ಗಂಟೆ ಕಳೆದ ಮೇಲೆ ಮುಚ್ಚಿ, ಅವತ್ತೇ ಲ್ಯಾಬಿಗೆ ಪೋಸ್ಟ್ ಮಾಡಿದೆ. ಇದರಲ್ಲಿ ತಡ ಮಾಡಬಾರದು. ಹೀರಿಕೊಂಡ ರೇಡಾನಿನಲ್ಲಿ ಅರ್ಧ 3.8 ದಿನದಲ್ಲಿ ಇಲ್ಲವಾಗುತ್ತದೆ.

ಒಂದರಲ್ಲಿ 19.1, ಇನ್ನೊಂದರಲ್ಲಿ 19.8 ಬಂತು. ಇದು ಒಂದು ಲೀಟರ್ ಗಾಳಿಯಲ್ಲಿ ಎಷ್ಟು ಪಿಕೋಕ್ಯೂರಿ ವಿಕಿರಣ ಇದೆ ಅನ್ನುವ ಅಳತೆ. 4 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮನೆ ಸರಿಮಾಡಿಸಿ ಅಂತ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತದೆ. ಭಾರತದಲ್ಲಿ ಬಳಸುವ ಅಳತೆಯಲ್ಲಿ ಆ 4 ಅಂದರೆ ಘನ ಮೀಟರಿಗೆ 148 ಬೆಕರೆಲ್. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಇನ್ನೂ ಕೆಳಗೆ, 100 ಬೆಕರೆಲ್ ಅಂತ ಹೇಳಿತು. ನಮ್ಮ ರೂಮಿನಲ್ಲಿ 700 ದಾಟಿತ್ತು. ಅದೇ ವಾರ, ಬೆಟ್ಟದ ಮೇಲೆ, ನೈಸ್ ಶಿಲೆಯ ಮೇಲೇ ಮನೆ ಇರುವ ನನ್ನ ಗೆಳೆಯನೂ ಟೆಸ್ಟ್ ಮಾಡಿದ. ಅವನ ಮನೆಯಲ್ಲಿ 3.1 ಪಿಕೋಕ್ಯೂರಿ.

ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಅಪ್ಪ 30 ವರ್ಷ ಸಿಗರೇಟು ಸೇದಿದವರು, ಬಿಟ್ಟು ಇನ್ನೂ ಹೆಚ್ಚು ವರ್ಷ ಆಗಿಲ್ಲ. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 21,000 ಜನ ರೇಡಾನಿನಿಂದಾಗುವ ಶ್ವಾಸಕೋಶದ ಕ್ಯಾನ್ಸರಿಗೆ ಬಲಿಯಾಗುತ್ತಾರೆ ಅಂತ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜು. ಸಿಗರೇಟು ಸೇದುವವರಿಗೆ ಅಪಾಯ ಹಲವು ಪಟ್ಟು. ರೇಡಾನ್ ಒಡೆದು ಪೊಲೋನಿಯಂ ಆಗುತ್ತದೆ. ಅದು ಧೂಳಿಗೆ ಅಂಟಿಕೊಂಡು ಎದೆಯೊಳಗೆ ಇಳಿದು, ಅಲ್ಲೇ ಜೀವಕೋಶ ಹಾಳುಮಾಡುವ ಆಲ್ಫಾ ಕಣ ಬಿಡುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ, ಕೆಮ್ಮು ಕೂಡ ಬರುವುದಿಲ್ಲ.

ಎಲ್ಲಿ ತಪ್ಪಿದೆ ಅಂತ ಮತ್ತೆ ನಕ್ಷೆ ಹಿಡಿದು ಕೂತೆ. ನಾನು ಶಿಲೆಯ ಹೆಸರು ಮಾತ್ರ ನೋಡಿದ್ದೆ, ಆ ಶಿಲೆಗೆ ಇಷ್ಟು ಕಾಲದಲ್ಲಿ ಏನಾಗಿದೆ ಅಂತ ಯೋಚಿಸಿರಲಿಲ್ಲ. ಸುಣ್ಣಕಲ್ಲು ಮಳೆನೀರಿಗೆ ಕರಗುತ್ತದೆ. ಲಕ್ಷಾಂತರ ವರ್ಷ ಕರಗಿದಾಗ ಸುಣ್ಣ ನೀರಿನ ಜೊತೆ ಹೊರಟುಹೋಗುತ್ತದೆ. ಕರಗದೇ ಉಳಿಯುವುದು ಕೆಂಪು ಜೇಡಿ, ಕಬ್ಬಿಣದ ತುಕ್ಕು. ಮೂಲ ಕಲ್ಲಿನಲ್ಲಿ ಚೂರುಪಾರು ಇದ್ದ ಯುರೇನಿಯಂ, ಅದರಿಂದ ಹುಟ್ಟುವ ರೇಡಿಯಂ ಈ ಮಣ್ಣಿನಲ್ಲಿ ಸೇರಿಕೊಂಡು ದಟ್ಟವಾಗುತ್ತದೆ. ಅದರಲ್ಲೂ ರೇಡಿಯಂ ಮಣ್ಣಿನ ಕಣದ ಹೊರಮೈಗೆ ಅಂಟಿಕೊಂಡಿರುತ್ತದೆ. ಹಾಗಾಗಿ ಅದರಿಂದ ಹುಟ್ಟಿದ ರೇಡಾನ್ ಸಲೀಸಾಗಿ ಹೊರಗೆ ಬರುತ್ತದೆ. ಗಟ್ಟಿ ನೈಸ್ ಬಂಡೆಯೊಳಗೆ ಹುಟ್ಟಿದ ರೇಡಾನಿನಲ್ಲಿ ಬಹುಪಾಲು ಅಲ್ಲೇ ಸಿಕ್ಕಿಕೊಂಡು ಮುಗಿದುಹೋಗುತ್ತದೆ.

ಇನ್ನೊಂದು ವಿಷಯ ದಾರಿಯದ್ದು. 3.8 ದಿನದಲ್ಲಿ ಅರ್ಧ ಮುಗಿಯುವ ಅನಿಲಕ್ಕೆ ದೂರ ಬರಲು ಸಮಯ ಇಲ್ಲ. ಅದಕ್ಕೆ ತೆರೆದ ದಾರಿ ಬೇಕು. ಸುಣ್ಣಕಲ್ಲಿನಲ್ಲಿ ಕರಗಿದ ಕೊರಕಲು, ಪೊಳ್ಳು ಬೇಕಾದಷ್ಟಿವೆ. ನಮ್ಮ ಕಡೆ ರಸ್ತೆಯೇ ಕುಸಿದು ಗುಂಡಿ ಬೀಳುವುದಕ್ಕೂ ಅದೇ ಕಾರಣ. ಗಾಳಿಗೆ ಅದು ಹೆದ್ದಾರಿ ಇದ್ದ ಹಾಗೆ. 2014ರಲ್ಲಿ ನಮ್ಮ ಲೀಹೈ ಕೌಂಟಿಯದ್ದೇ ಒಂದು ಮನೆಯಲ್ಲಿ 3,715 ಪಿಕೋಕ್ಯೂರಿ ಸಿಕ್ಕಿತ್ತು. ಅದನ್ನು ಓದಿಯೂ ನಾನು ಎಚ್ಚೆತ್ತಿರಲಿಲ್ಲ.

ಹಾಗಂತ ಬೆಟ್ಟದ ನೈಸ್ ಸಾಧು ಅಂತ ಅಲ್ಲ. 1984ರ ಡಿಸೆಂಬರಿನಲ್ಲಿ ಪೆನ್ಸಿಲ್ವೇನಿಯಾದ್ದೇ ಆದ ಲಿಮರಿಕ್ ಪರಮಾಣು ಸ್ಥಾವರದಲ್ಲಿ ಸ್ಟ್ಯಾನ್ಲಿ ವಾಟ್ರಸ್ ಅನ್ನುವ ಎಂಜಿನಿಯರ್ ಕೆಲಸಕ್ಕೆ ಬಂದರೆ ವಿಕಿರಣದ ಅಲಾರಂ ಬಡಿದುಕೊಳ್ಳುತ್ತಿತ್ತು. ಹುಡುಕಿದರೆ ವಿಕಿರಣ ಬಂದಿದ್ದು ಅವರ ಮನೆಯಿಂದಲೇ. ಬಾಯರ್‌ಟೌನ್ ಹತ್ತಿರ, ಇದೇ ರೆಡಿಂಗ್ ಪ್ರಾಂಗ್ ಮೇಲಿದ್ದ ಮನೆ ಅದು. ಅಲ್ಲಿ ಸುಮಾರು 2,700 ಪಿಕೋಕ್ಯೂರಿ ಇತ್ತು. ಆಮೇಲೆ ಭೂವಿಜ್ಞಾನಿಗಳು ಆ ಭಾಗ ಜಾಲಾಡಿದಾಗ, ಶಿಲೆ ಒತ್ತಡಕ್ಕೆ ಸಿಕ್ಕಿ ಜಾರಿ, ಅರೆದುಹೋದ ಪಟ್ಟಿಗಳಲ್ಲಿ ಯುರೇನಿಯಂ ಕೂಡಿಕೊಂಡಿದ್ದು ಕಂಡಿತು. ಆ ಪಟ್ಟಿ ನಿಮ್ಮ ಮನೆಯ ಕೆಳಗೆ ಹೋಗಿದೆಯೋ ಪಕ್ಕದ ಮನೆಯ ಕೆಳಗೋ ಅಂತ ನಕ್ಷೆ ಹೇಳಲಾರದು.

ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಅವರ ಪ್ರಶ್ನೆ ಸರಿಯಾಗೇ ಇತ್ತು: "ಅಲ್ಲಪ್ಪಾ, ಚಾಮುಂಡಿ ಬೆಟ್ಟವೂ ಗ್ರಾನೈಟೇ ಅಲ್ವಾ? ಅದರ ಬುಡದಲ್ಲೇ ಇಷ್ಟು ವರ್ಷ ಇದ್ದೀವಲ್ಲ." ಗ್ರಾನೈಟೇ, ಅದರಲ್ಲೂ ಯುರೇನಿಯಂ ಇರುತ್ತದೆ. ಆದರೆ ಊರಿನ ನಮ್ಮ ಮನೆಗೆ ನೆಲಮಾಳಿಗೆ ಇಲ್ಲ, ವರ್ಷವಿಡೀ ಕಿಟಕಿ ತೆಗೆದಿರುತ್ತದೆ. ಇಲ್ಲಿ ಮನೆಯ ಅರ್ಧ ಭಾಗ ಮಣ್ಣಿನೊಳಗೆ. ಚಳಿಗಾಲದಲ್ಲಿ ಬಿಸಿಗಾಳಿ ಮೇಲೇರಿ ಅಟ್ಟದ ಸಂದುಗಳಿಂದ ಹೊರಗೆ ಹೋಗುತ್ತದೆ. ಆ ಜಾಗ ತುಂಬಲು ಬೇಸ್‌ಮೆಂಟ್ ನೆಲದ ಬಿರುಕಿನಿಂದ ಮಣ್ಣಿನ ಗಾಳಿ ಎಳೆದುಕೊಳ್ಳುತ್ತದೆ. ಇಡೀ ಮನೆ ಒಂದು ಚಿಮಣಿ ಆಗಿಬಿಡುತ್ತದೆ.

ಸ್ವಂತ ಮನೆಗೆ ಮಾಲೀಕರೇ ಕೆಲಸ ಮಾಡಿಕೊಳ್ಳಲು ಇಲ್ಲಿ ಅವಕಾಶ ಇದೆ. ನಾನೇ ಮಾಡುತ್ತೇನೆ ಅಂತ ಹೊರಟೆ. ಮೊದಲು ಬಿರುಕುಗಳಿಗೆಲ್ಲ ಸೀಲಂಟ್ ಹಾಕಿದೆ. ಎರಡು ದಿನದ ಕೆಲಸ, ಮಂಡಿ ನೋವು. ಮತ್ತೆ ಅಳೆದರೆ 16. ಬರೀ ಬಿರುಕು ಮುಚ್ಚಿ ರೇಡಾನ್ ನಿಲ್ಲಿಸಲು ಆಗುವುದಿಲ್ಲ. ನೆಲದ ಕೆಳಗಿನ ಗಾಳಿಯನ್ನೇ ಎಳೆದು ಸೂರಿನ ಮೇಲೆ ಬಿಡಬೇಕು.

ಕಾಂಕ್ರೀಟ್ ನೆಲದಲ್ಲಿ ಬಾಡಿಗೆ ಡ್ರಿಲ್ಲಿನಿಂದ 5 ಇಂಚಿನ ತೂತು ಕೊರೆದೆ. ಕೆಳಗಿನ ಜಲ್ಲಿ, ಮಣ್ಣು ಸುಮಾರು ಒಂದು ಬಕೆಟ್ ತೆಗೆದು ಗುಳಿ ಮಾಡಿದೆ. ಪೈಪ್ ಹಾಕುವ ಮೊದಲು ಒಂದು ಪರೀಕ್ಷೆ ಮಾಡಬೇಕು, ಇದನ್ನು ಖಂಡಿತ ಬಿಡಬೇಡಿ. ರೂಮಿನ ನಾಲ್ಕೂ ಮೂಲೆಯಲ್ಲಿ ಬೆರಳು ಗಾತ್ರದ ತೂತು ಕೊರೆದು, ದೊಡ್ಡ ತೂತಿಗೆ ವ್ಯಾಕ್ಯೂಮ್ ಕ್ಲೀನರ್ ಇಟ್ಟೆ. ಹೆಂಡತಿ ದೇವರ ಮನೆಯಿಂದ ಊದುಬತ್ತಿ ತಂದು ಒಂದೊಂದು ಮೂಲೆಯಲ್ಲೂ ಹಿಡಿದಳು. ಹೊಗೆ ತೂತಿನೊಳಗೆ ಇಳಿದರೆ ಎಳೆತ ಅಲ್ಲಿವರೆಗೂ ತಲುಪಿದೆ ಅಂತ ಅರ್ಥ. ಮೂರು ಮೂಲೆಯಲ್ಲಿ ಇಳಿಯಿತು. ನಾಲ್ಕನೆಯದರಲ್ಲಿ, ಅಪ್ಪ ಅಮ್ಮನ ಮಂಚದ ಕಡೆ, ಹೊಗೆ ನೇರ ಮೇಲಕ್ಕೇ ಹೋಯಿತು.

ನನಗೆ ಆತುರ. ಅವರು ಬರಲು 3 ವಾರ ಇತ್ತು. ಫ್ಯಾನ್ ವ್ಯಾಕ್ಯೂಮಿಗಿಂತ ಚೆನ್ನಾಗಿ ಎಳೆಯಬಹುದು ಅಂತ ಹಾಗೇ ಮುಂದುವರಿದೆ. 4 ಇಂಚಿನ ಪಿವಿಸಿ ಪೈಪು ಗ್ಯಾರೇಜಿನ ಮೂಲಕ ಅಟ್ಟಕ್ಕೆ, ಅಲ್ಲಿ ಫ್ಯಾನು, ಅಲ್ಲಿಂದ ಸೂರಿನ ಮೇಲಕ್ಕೆ. ಫ್ಯಾನನ್ನು ಬೇಸ್‌ಮೆಂಟ್‌ನಲ್ಲಿ ಇಡಬಾರದು. ಫ್ಯಾನಿನ ಮುಂದಿನ ಪೈಪು ಎಲ್ಲಾದರೂ ಸೋರಿದರೆ ಎಳೆದ ರೇಡಾನೆಲ್ಲಾ ಮನೆಗೇ ನುಗ್ಗುತ್ತದೆ. ವೈರಿಂಗ್ ಮಾತ್ರ ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿದೆ.

ಅಳೆದರೆ 7.2. ಊದುಬತ್ತಿ ಹೇಳಿದ್ದೇ ನಿಜವಾಗಿತ್ತು.

ಹುಡುಕಿದಾಗ ಎರಡು ಕಾರಣ ಸಿಕ್ಕವು. ಒಂದು, ಸಂಪ್ ಗುಂಡಿ. ನಮ್ಮ ಊರಲ್ಲಿ ಸಂಪು ಅಂದರೆ ಕಾವೇರಿ ನೀರು ತುಂಬುವ ತೊಟ್ಟಿ. ಇಲ್ಲಿ ಬೇಸ್‌ಮೆಂಟ್ ಸುತ್ತಲಿನ ಒಸರು ನೀರು ಬಂದು ಬೀಳುವ ಗುಂಡಿ. ಅದರ ಮುಚ್ಚಳ ಸಡಿಲ ಇತ್ತು, ಫ್ಯಾನು ಅಲ್ಲಿಂದ ಮನೆಯ ಗಾಳಿಯನ್ನೇ ಎಳೆಯುತ್ತಿತ್ತು. ಇನ್ನೊಂದು ಮತ್ತೆ ಆ ಸುಣ್ಣಕಲ್ಲು. ಕೆಳಗೆ ಪೊಳ್ಳು ಜಾಸ್ತಿ ಇದ್ದರೆ ಎಷ್ಟು ಎಳೆದರೂ ಗಾಳಿ ಬರುತ್ತಲೇ ಇರುತ್ತದೆ, ಎಳೆತ ದೂರಕ್ಕೆ ಹರಡುವುದಿಲ್ಲ. ಗುಂಡಿಗೆ ಗ್ಯಾಸ್ಕೆಟ್ ಇರುವ ಮುಚ್ಚಳ ಬೋಲ್ಟ್ ಮಾಡಿದೆ. ಮಂಚದ ಮೂಲೆಯಲ್ಲಿ ಎರಡನೆಯ ತೂತು ಕೊರೆದು ಅದೇ ಪೈಪಿಗೆ ಸೇರಿಸಿದೆ. ಜಾಸ್ತಿ ಗಾಳಿ ಎಳೆಯುವ ಫ್ಯಾನ್ ಹಾಕಿದೆ. ಈ ಸಲ ನಾಲ್ಕೂ ಮೂಲೆಯಲ್ಲಿ ಹೊಗೆ ಕೆಳಗಿಳಿಯಿತು. ಅಳತೆ 1.4.

ಗ್ಯಾಸ್ ಗೀಸರ್ ಇರುವವರು ಒಂದನ್ನು ನೋಡಿಕೊಳ್ಳಲೇಬೇಕು. ಫ್ಯಾನ್ ಮನೆಯ ಗಾಳಿ ಎಳೆದರೆ ಗೀಸರಿನ ಹೊಗೆ ಚಿಮಣಿಯಿಂದ ವಾಪಸ್ ರೂಮಿಗೆ ಬರಬಹುದು. ನಾನು ಗೀಸರ್ ಹಚ್ಚಿ, ಚಿಮಣಿಯ ಬಾಯಿಗೂ ಊದುಬತ್ತಿ ಹಿಡಿದು ನೋಡಿದೆ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೂಡ ಹಾಕಿದೆ.

ಅಪ್ಪ ಅಮ್ಮ ಬಂದು ಈಗ 2 ತಿಂಗಳಾಯಿತು. ಪೈಪಿನ ಮೇಲೆ ಬಣ್ಣದ ನೀರಿರುವ ಯು ಆಕಾರದ ಗಾಜಿನ ನಳಿಕೆ ಇದೆ. ಎರಡೂ ಕಡೆ ನೀರು ಸಮ ಇದ್ದರೆ ಫ್ಯಾನ್ ನಿಂತಿದೆ ಅಂತ, ಒಂದು ಕಡೆ ಇಳಿದಿದ್ದರೆ ಓಡುತ್ತಿದೆ ಅಂತ. ಅಪ್ಪ ಬೆಳಿಗ್ಗೆ ಕಾಫಿಗೆ ಮೇಲೆ ಬರುವ ಮೊದಲು ಅದನ್ನು ನೋಡಿಕೊಂಡೇ ಬರುತ್ತಾರೆ. "ಇಳಿದಿದೆ ಕಣಪ್ಪ" ಅಂತಾರೆ.

ಬೆಟ್ಟದ ಮೇಲಿನ ಗೆಳೆಯ ಸೆಪ್ಟೆಂಬರಿನಲ್ಲಿ ಅಳೆದಿದ್ದ. ಚಳಿಗಾಲದಲ್ಲಿ ಇನ್ನೊಮ್ಮೆ ಅಳೆ ಅಂತ ಹಿಂದೆ ಬಿದ್ದಿದ್ದೆ. ಜನವರಿಯಲ್ಲಿ 6.8 ಬಂತು. ಅವನ ಮನೆಗೆ ಬೋರ್‌ವೆಲ್ ನೀರು ಬೇರೆ. ಈ ಶಿಲೆಯ ನೀರಿನಲ್ಲಿ ಕರಗಿದ ರೇಡಾನ್ ಸ್ನಾನ ಮಾಡುವಾಗ ಗಾಳಿಗೆ ಸೇರುತ್ತದೆ, ಅದನ್ನೂ ಪರೀಕ್ಷೆಗೆ ಕಳಿಸಿದ್ದಾನೆ. ಶನಿವಾರ ಅವನ ನೆಲದಲ್ಲಿ ತೂತು ಕೊರೆಯುತ್ತೇವೆ. ಡ್ರಿಲ್ ಬಾಡಿಗೆಗೆ ಹೇಳಿದ್ದೇನೆ, ಊದುಬತ್ತಿ ಪ್ಯಾಕೆಟ್ ಅಮ್ಮ ಕೊಟ್ಟಿದ್ದಾರೆ.