ಮುಂಬಯಿಯಲ್ಲಿ ಚಂದನ ಹಿಡಿಯುವುದು ಹೇಗೆ

ಡೊಂಬಿವಲಿ ಪೂರ್ವದಲ್ಲಿ ನನ್ನದೊಂದು ಟಿವಿ ರಿಪೇರಿ ಅಂಗಡಿ ಇದೆ. ಊರು ಬೈಂದೂರು. ಅಂಗಡಿಗೆ ಬರುವ ಕನ್ನಡದ ಹಿರಿಯರು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಇಲ್ಲಿ ಚಂದನ ಬರ್ತದಾ ಮಾರಾಯ್ರೇ?"

ಬರುತ್ತದೆ. ದೂರದರ್ಶನದ ಈ ಕನ್ನಡ ಚಾನೆಲ್ ತಿಂಗಳ ರೀಚಾರ್ಜ್ ಇಲ್ಲದೆ ಬರುತ್ತದೆ. ಒಮ್ಮೆ ಡಿಶ್‌ಗೂ ಬಾಕ್ಸ್‌ಗೂ ಸೇರಿ ಸುಮಾರು 2000 ರೂಪಾಯಿ ಖರ್ಚು ಮಾಡಿದರೆ ಆಯಿತು. "ಅದು ಕರ್ನಾಟಕದ ಚಾನೆಲ್, ಮಹಾರಾಷ್ಟ್ರದಲ್ಲಿ ಸಿಗಲ್ಲ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮನೆಯಲ್ಲಿ ಅಜ್ಜಿ ಇದ್ದಾರೆ, ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗುತ್ತಾರೆ, ಕನ್ನಡ ಕಿವಿಗೆ ಬೀಳುವುದೇ ಕಡಿಮೆ. ಅಂಥ ಮನೆಗೆ ಈ ಚಾನೆಲ್ ಬೇಕೇ ಬೇಕು ಅನ್ನುವವನು ನಾನು. ಅದಕ್ಕೇ ಡಿಶ್ ಕೂರಿಸುವ ಕೆಲಸವನ್ನು ಪೂರ್ತಿಯಾಗಿ ಬರೆದಿಡುತ್ತಿದ್ದೇನೆ.

"ಸಿಗಲ್ಲ" ಅನ್ನುವ ಮಾತು ಹುಟ್ಟಿದ್ದು ಟವರ್ ಕಾಲದಲ್ಲಿ. ಮುಂಬಯಿ ದೂರದರ್ಶನ 1972ರ ಅಕ್ಟೋಬರ್ 2ರಂದು ಶುರುವಾಯಿತು. ವರ್ಲಿಯ ಟವರ್ ಸುಮಾರು 300 ಮೀಟರ್ ಎತ್ತರ. ಟಿವಿ ಅಲೆ ಹೆಚ್ಚುಕಡಿಮೆ ನೇರವಾಗಿ ಹೋಗುತ್ತದೆ, ಭೂಮಿ ಮಾತ್ರ ಬಾಗಿದೆ. ಅಷ್ಟು ಎತ್ತರದಿಂದ ಹೊರಟ ಸಿಗ್ನಲ್ ಸಮತಟ್ಟು ನೆಲದ ಮೇಲೆ ಸುಮಾರು 70 ಕಿಲೋಮೀಟರ್ ಹೋಗಬಹುದು. ಅದರಾಚೆ ಇನ್ನೊಂದು ಟವರ್ ಬೇಕು. ಪುಣೆಯವರಿಗಾಗಿ ಸಿಂಹಗಡದ ಮೇಲೆ ಟವರ್ ಎದ್ದದ್ದು ಇದೇ ಕಾರಣಕ್ಕೆ. ಹಾಗಿರುವಾಗ ಬೆಂಗಳೂರಿನ ಟವರ್ ನಮ್ಮ ಆಂಟೆನಾಗೆ ಸಿಗುವ ಮಾತೇ ಇರಲಿಲ್ಲ. ನಮ್ಮ ಹಿರಿಯರು ಹೇಳಿದ್ದು ಆ ಕಾಲಕ್ಕೆ ನಿಜ.

ಆದರೆ ಕರ್ನಾಟಕಕ್ಕೆ ಟಿವಿ ಮೊದಲು ಬಂದದ್ದು ಟವರ್‌ನಿಂದ ಅಲ್ಲ, ಆಕಾಶದಿಂದ. 1975ರ ಆಗಸ್ಟ್ 1ರಿಂದ ಒಂದು ವರ್ಷ ಭಾರತ 'ಸೈಟ್' ಎಂಬ ಪ್ರಯೋಗ ನಡೆಸಿತು. ಅಮೆರಿಕದ ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ನೇರವಾಗಿ ಕಾರ್ಯಕ್ರಮ ಇಳಿಯುತ್ತಿತ್ತು. ನಮ್ಮಲ್ಲಿ ರಾಯಚೂರು, ಬಿಜಾಪುರ, ಗುಲಬರ್ಗಾ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಕೋಳಿ ಗೂಡಿಗೆ ಹಾಕುವ ತಂತಿ ಬಲೆಯಿಂದ ಮಾಡಿದ 10 ಅಡಿ ಅಗಲದ ಡಿಶ್, ಊರಿಗೆಲ್ಲ ಒಂದೇ ಟಿವಿ. ಪ್ರಯೋಗ ಮುಗಿದ ಮೇಲೆ 1977ರಲ್ಲಿ ಗುಲಬರ್ಗಾದಲ್ಲಿ ಟ್ರಾನ್ಸ್‌ಮಿಟರ್ ಬಂತು. ಬೆಂಗಳೂರು ದೂರದರ್ಶನ ಶುರುವಾಗಿದ್ದು 1981ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ. ಅಂದರೆ ರಾಜಧಾನಿಗಿಂತ ಮೊದಲು ಬಿಸಿಲು ನಾಡಿನ ಹಳ್ಳಿಗಳು ಟಿವಿ ನೋಡಿದ್ದವು. ನಮ್ಮ ಕಡೆಯವರಿಗೆ ಇದು ಗೊತ್ತಿಲ್ಲ, ಗೊತ್ತಿರಬೇಕು.

1990ರ ದಶಕದಲ್ಲಿ ಬೆಂಗಳೂರಿನ ಕನ್ನಡ ಕಾರ್ಯಕ್ರಮಗಳು ಉಪಗ್ರಹ ಹತ್ತಿದವು. ಆ ಚಾನೆಲ್ಲೇ ಇವತ್ತಿನ ಚಂದನ. 2002ರಿಂದ ಡಾ. ನಾ. ಸೋಮೇಶ್ವರ ಅವರು ನಡೆಸಿಕೊಂಡು ಬಂದ 'ಥಟ್ ಅಂತ ಹೇಳಿ' ಹೆಚ್ಚಿನವರಿಗೆ ಗೊತ್ತು. ಸರಿ ಉತ್ತರಕ್ಕೆ ಬಹುಮಾನವಾಗಿ ಪುಸ್ತಕ ಕೊಡುವ ಕಾರ್ಯಕ್ರಮ ಅದು. ಆಮೇಲೆ 2004ರ ಡಿಸೆಂಬರ್‌ನಲ್ಲಿ ದೂರದರ್ಶನ ಡಿಡಿ ಡೈರೆಕ್ಟ್ ಪ್ಲಸ್ ಎಂಬ, ತಿಂಗಳ ದುಡ್ಡಿಲ್ಲದ 33 ಚಾನೆಲ್‌ಗಳ ಡಿಶ್ ಸೇವೆ ಆರಂಭಿಸಿತು. ಈಗ ಅದರ ಹೆಸರು ಡಿಡಿ ಫ್ರೀ ಡಿಶ್, ಚಂದನ ನಮಗೆ ಸಿಗುವುದು ಅದರಲ್ಲೇ. ಅಂಡಮಾನ್ ನಿಕೋಬಾರ್‌ಗೆ ಬೇರೆ ವ್ಯವಸ್ಥೆ ಇದೆ. ಉಳಿದ ಇಡೀ ದೇಶಕ್ಕೆ ಒಂದೇ ಸಿಗ್ನಲ್. ಬಳ್ಳಾರಿಗೂ ಭಾಂಡುಪ್‌ಗೂ ಅದು ಒಂದೇ.

ಏನೇನು ಬೇಕು

60 ಸೆಂಟಿಮೀಟರ್ ಡಿಶ್, ಯೂನಿವರ್ಸಲ್ ಎಲ್‌ಎನ್‌ಬಿ (ಡಿಶ್ ಮುಂದೆ ಕೋಲಿನ ತುದಿಯಲ್ಲಿ ಕೂತು ಸಿಗ್ನಲ್ ಹಿಡಿಯುವ ಭಾಗ), ಆರ್‌ಜಿ-6 ಕೇಬಲ್, ಅದರ ಎರಡೂ ತುದಿಗೆ ಹಾಕಲು ಎರಡು ಎಫ್ ಕನೆಕ್ಟರ್, ಒಂದು ಫ್ರೀ ಡಿಶ್ ಬಾಕ್ಸ್. ಬಾಕ್ಸ್ ತೆಗೆದುಕೊಳ್ಳುವಾಗ ಎಂಪೆಗ್-4 ಬಾಕ್ಸೇ ಕೇಳಿ. ಹಳೆಯ ಎಂಪೆಗ್-2 ಬಾಕ್ಸ್ ಅಗ್ಗಕ್ಕೆ ಸಿಗಬಹುದು, ಆದರೆ ಕೆಲವು ಚಾನೆಲ್ ಅದರಲ್ಲಿ ಬರುವುದಿಲ್ಲ. ಲ್ಯಾಮಿಂಗ್ಟನ್ ರೋಡ್‌ನಲ್ಲಿ ಎಲ್ಲವೂ ಸಿಗುತ್ತದೆ. ಕೇಬಲ್ ಮಾತ್ರ ಒಳ್ಳೆಯದು ತೆಗೆದುಕೊಳ್ಳಿ. ಮುಂಬಯಿಯ ಉಪ್ಪು ಗಾಳಿಗೆ ಕಳಪೆ ಕೇಬಲ್‌ನ ಜಾಲರಿ ಬೇಗ ಹಸಿರುಗಟ್ಟುತ್ತದೆ.

ಸೊಸೈಟಿ ಕಟ್ಟಡವಾದರೆ ಮೊದಲು ಸೆಕ್ರೆಟರಿ ಹತ್ತಿರ ಮಾತಾಡಿ. ಟೆರೇಸ್ ನೆಲಕ್ಕೆ ಡ್ರಿಲ್ ಹಾಕಲೇಬೇಡಿ. ವಾಟರ್‌ಪ್ರೂಫಿಂಗ್ ಹಾಳಾಗಿ ಮಳೆಗಾಲದಲ್ಲಿ ಮೇಲಿನ ಮಹಡಿಯವರ ಮನೆ ಸೋರಿದರೆ ಹೊಣೆ ನಿಮ್ಮ ಮೇಲೆ ಬರುತ್ತದೆ. ದಪ್ಪ ಸಿಮೆಂಟ್ ಬ್ಲಾಕ್‌ಗೆ ಕಂಬ ಕೂರಿಸಿ ಇಡಿ, ಇಲ್ಲವೇ ಕಟ್ಟೆಗೋಡೆಯ ಹೊರಮೈಗೆ ಕ್ಲ್ಯಾಂಪ್ ಹಾಕಿ. ಟೆರೇಸ್ ಮೇಲೆ ಪತ್ರಾ ಹೊದಿಸಿದ್ದರೆ ಡಿಶ್ ಪತ್ರಾದ ಮೇಲೆಯೇ ಬರಬೇಕು. ತಗಡಿನ ಒಳಗಿಂದ ಸಿಗ್ನಲ್ ಬರುವುದಿಲ್ಲ.

ದಿಕ್ಕು

ಫ್ರೀ ಡಿಶ್ ಇರುವುದು ಜಿಸ್ಯಾಟ್-15 ಉಪಗ್ರಹದಲ್ಲಿ. 2015ರ ನವೆಂಬರ್‌ನಲ್ಲಿ ಹಾರಿದ್ದು. ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿ, ಸಮಭಾಜಕದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಿಂತಿದೆ. ಇಸ್ರೋದ ಇಂಥ ಉಪಗ್ರಹಗಳನ್ನು ಜಾಗ ಬಿಡದಂತೆ ನೋಡಿಕೊಳ್ಳುವವರು ನಮ್ಮ ಹಾಸನದಲ್ಲೂ ಕೂತಿದ್ದಾರೆ. ಟೆರೇಸ್‌ನಲ್ಲಿ ಡಿಶ್ ತಿರುಗಿಸುವಾಗ ಇದನ್ನು ಮಕ್ಕಳಿಗೆ ಹೇಳುವುದು ನನಗೆ ಬಹಳ ಇಷ್ಟ.

ಮುಂಬಯಿಯಿಂದ ನೋಡಿದರೆ ಉಪಗ್ರಹ ಆಗ್ನೇಯ ದಿಕ್ಕಿನಲ್ಲಿದೆ. ಉತ್ತರದಿಂದ ಗಡಿಯಾರದ ದಿಕ್ಕಿನಲ್ಲಿ ಎಣಿಸಿದರೆ 131 ಡಿಗ್ರಿ. ಎತ್ತರ ನೆಲದಿಂದ ಸುಮಾರು 57 ಡಿಗ್ರಿ. ಪುಣೆಯವರಿಗೆ ದಿಕ್ಕು 132, ಎತ್ತರ 59. ಪಣಜಿ, ವಾಸ್ಕೋ ಕಡೆಯವರಿಗೆ ದಿಕ್ಕು 127, ಎತ್ತರ 61. ಫೋನಿನ ದಿಕ್ಸೂಚಿ ಸಾಕು. ಆದರೆ ಕಬ್ಬಿಣದ ಕಂಬ, ನೀರಿನ ಪೈಪ್‌ನಿಂದ ದೂರ ನಿಂತು ನೋಡಿ, ಇಲ್ಲದಿದ್ದರೆ ಮುಳ್ಳು ತಪ್ಪು ತೋರಿಸುತ್ತದೆ.

ಸುತ್ತ ದೊಡ್ಡ ಕಟ್ಟಡಗಳಿವೆ ಅಂತ ಹೆದರಬೇಡಿ. ಎತ್ತರದ ಕೋನ 57 ಡಿಗ್ರಿ ಇರುವುದು ನಮ್ಮ ಪುಣ್ಯ. ನಿಮ್ಮ ಡಿಶ್‌ಗಿಂತ 15 ಮೀಟರ್ ಎತ್ತರದ ಕಟ್ಟಡ ಆಗ್ನೇಯದಲ್ಲಿದ್ದರೂ, ಅದು 10 ಮೀಟರ್‌ಗಿಂತ ಹತ್ತಿರ ಇದ್ದರೆ ಮಾತ್ರ ಅಡ್ಡ ಬರುತ್ತದೆ. ಬಾಲ್ಕನಿಯಲ್ಲಿ ಹಾಕುವವರಿಗೆ ತೊಂದರೆ ಬೇರೆ. ಮೇಲಿನ ಮನೆಯ ಸ್ಲ್ಯಾಬ್ ಆಕಾಶವನ್ನು ಮುಚ್ಚುತ್ತದೆ. ಗ್ರಿಲ್ ಹೊರಗೆ ಚಾಚಿದ್ದರೆ ಅದರ ತುದಿಯಲ್ಲಿ ಕೂರಿಸಬಹುದು.

ದಾರಿ ಖಾಲಿ ಇದೆಯೋ ಇಲ್ಲವೋ ನೋಡಲು ಸೂರ್ಯನನ್ನೇ ಬಳಸಬಹುದು. ಮಾರ್ಚ್ ಎರಡನೇ ವಾರದಲ್ಲಿ ಮತ್ತು ಅಕ್ಟೋಬರ್ ಮೊದಲ ಒಂದೆರಡು ದಿನ, ಬೆಳಿಗ್ಗೆ 11 ಗಂಟೆಯ ಆಸುಪಾಸು, ಸೂರ್ಯ ಈ ಉಪಗ್ರಹದ ಹಿಂದೆಯೇ ಬರುತ್ತಾನೆ. ಆ ಹೊತ್ತಿಗೆ ನಿಮ್ಮ ಜಾಗದಲ್ಲಿ ಬಿಸಿಲು ಬಿದ್ದರೆ ದಾರಿ ಖಾಲಿ ಇದೆ ಅಂತಲೇ ಅರ್ಥ. ಅದೇ ದಿನಗಳಲ್ಲಿ ಆ ಹೊತ್ತಿಗೆ ಕೆಲವು ನಿಮಿಷ ಚಿತ್ರ ಹೋಗಿ ತಾನಾಗಿಯೇ ವಾಪಸ್ ಬರುತ್ತದೆ. ಆಗ ಮೆಕ್ಯಾನಿಕ್‌ನನ್ನು ಕರೆದು ದುಡ್ಡು ಕೊಡಬೇಡಿ.

ಕೂರಿಸುವುದು

ಮೊದಲು ಕಂಬ ಪೂರ್ತಿ ನೆಟ್ಟಗಿರಲಿ. ಕಂಬ ಓರೆಯಾದರೆ ಡಿಶ್ ಎಡಬಲಕ್ಕೆ ತಿರುಗಿಸಿದಾಗೆಲ್ಲ ಎತ್ತರವೂ ಬದಲಾಗುತ್ತದೆ. ಆಮೇಲೆ ಎಷ್ಟು ತಿರುಗಿಸಿದರೂ ಸಿಗ್ನಲ್ ಸಿಗದು. ಬ್ರ್ಯಾಕೆಟ್ ಮೇಲೆ ಡಿಗ್ರಿ ಗುರುತು ಇದ್ದರೆ 57ಕ್ಕೆ ಇಡಿ. ಡಿಶ್ ಅಷ್ಟು ಮೇಲೆ ನೋಡುತ್ತಿರುವಂತೆ ಕಾಣುವುದಿಲ್ಲ, ಗಾಬರಿ ಬೇಡ. ಇವು ಆಫ್‌ಸೆಟ್ ಡಿಶ್. ಮುಖ ಕಾಣುವುದಕ್ಕಿಂತ ಇಪ್ಪತ್ತಕ್ಕೂ ಜಾಸ್ತಿ ಡಿಗ್ರಿ ಮೇಲಿನಿಂದ ಸಿಗ್ನಲ್ ಹಿಡಿಯುತ್ತವೆ.

ಕೇಬಲ್ ಸೇರಿಸುವಾಗ ಬಾಕ್ಸ್‌ನ ಕರೆಂಟ್ ಆಫ್ ಇರಲಿ. ಕೇಬಲ್ ತುದಿ ಸುಲಿದಾಗ ಹೊರಗಿನ ಜಾಲರಿಯ ಒಂದು ಎಳೆಯೂ ನಡುವಿನ ತಾಮ್ರದ ತಂತಿಗೆ ತಾಗಬಾರದು. ತಾಗಿದರೆ ಎಲ್‌ಎನ್‌ಬಿಗೆ ಕರೆಂಟ್ ಹೋಗುವುದಿಲ್ಲ. ಎಲ್‌ಎನ್‌ಬಿ ಹತ್ತಿರ ಕೇಬಲ್ ಸ್ವಲ್ಪ ಕೆಳಗೆ ಇಳಿಬಿಟ್ಟು ಸುತ್ತಿಸಿ. ಮಳೆ ನೀರು ಕನೆಕ್ಟರ್‌ಗೆ ಹರಿಯದೆ ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಈಗ ಬಾಕ್ಸ್‌ನ ಮೆನು. ಎಲ್‌ಎನ್‌ಬಿ ಯೂನಿವರ್ಸಲ್, 9750 ಮತ್ತು 10600. 22 ಕಿಲೋಹರ್ಟ್ಸ್ ಆಫ್. ಫ್ರೀಕ್ವೆನ್ಸಿ 11090, ವರ್ಟಿಕಲ್, ಸಿಂಬಲ್ ರೇಟ್ 29500. ಆಗ ಪರದೆಯಲ್ಲಿ ಎರಡು ಪಟ್ಟಿ ಕಾಣುತ್ತವೆ, ಸ್ಟ್ರೆಂತ್ ಮತ್ತು ಕ್ವಾಲಿಟಿ. ಸ್ಟ್ರೆಂತ್ ಪಟ್ಟಿಯನ್ನು ಮರೆತುಬಿಡಿ. ಎಲ್‌ಎನ್‌ಬಿಗೆ ಕರೆಂಟ್ ಹೋದರೆ ಸಾಕು, ಡಿಶ್ ಗೋಡೆ ನೋಡುತ್ತಿದ್ದರೂ ಅದು ಏರುತ್ತದೆ. ನೋಡಬೇಕಾದ್ದು ಕ್ವಾಲಿಟಿ. ಸರಿಯಾದ ಉಪಗ್ರಹ ಸಿಕ್ಕಾಗ ಮಾತ್ರ ಅದು ಮೇಲೇಳುತ್ತದೆ.

ಡಿಶ್ ಅನ್ನು ಎಡದಿಂದ ಬಲಕ್ಕೆ ನಿಧಾನ ತಿರುಗಿಸಿ, ಒಂದು ಡಿಗ್ರಿ ಸರಿಸಿ ನಿಲ್ಲಿಸಿ. ಬಾಕ್ಸ್‌ಗೆ ಲೆಕ್ಕ ಹಾಕಲು ಒಂದೆರಡು ಸೆಕೆಂಡ್ ಬೇಕು. ನಮ್ಮ ಹುಡುಗರು ಅವಸರದಲ್ಲಿ ತಿರುಗಿಸುತ್ತಾರೆ, ಸಿಗ್ನಲ್ ಬಂದು ಹೋದದ್ದೇ ಗೊತ್ತಾಗುವುದಿಲ್ಲ. ಏನೂ ಸಿಗದಿದ್ದರೆ ಎತ್ತರ ಒಂದು ಡಿಗ್ರಿ ಬದಲಿಸಿ ಮತ್ತೆ ಎಡದಿಂದ ಶುರು ಮಾಡಿ. ಕೆಳಗೆ ಟಿವಿ ಹತ್ತಿರ ಒಬ್ಬರು ನಿಂತು ವಿಡಿಯೋ ಕಾಲ್‌ನಲ್ಲಿ ಪಟ್ಟಿ ತೋರಿಸಿದರೆ ಕೂಗಾಡುವುದು ತಪ್ಪುತ್ತದೆ.

ಕ್ವಾಲಿಟಿ ಸ್ವಲ್ಪ ಎದ್ದ ಮೇಲೆ ಎಲ್‌ಎನ್‌ಬಿಯನ್ನು ಅದರ ಹಿಡಿಕೆಯಲ್ಲೇ ಹೊರಳಿಸಿ ನೋಡಿ. ಉಪಗ್ರಹ ನಮಗೆ ನೇರ ದಕ್ಷಿಣದಲ್ಲಿಲ್ಲ, ಪೂರ್ವಕ್ಕಿದೆ. ಹಾಗಾಗಿ ಎಲ್‌ಎನ್‌ಬಿಯನ್ನೂ ಓರೆ ಮಾಡಬೇಕಾಗುತ್ತದೆ. ಸುಮಾರು ಜನ ಈ ಕೆಲಸ ಮಾಡುವುದೇ ಇಲ್ಲ. ಬಿಸಿಲಿನ ದಿನ ಚಿತ್ರ ಚೆನ್ನಾಗಿರುತ್ತದೆ, ಜೂನ್ ಬಂದ ಕೂಡಲೇ ಚೌಕ ಚೌಕವಾಗಿ ಒಡೆಯುತ್ತದೆ. ಬಿಗಿ ಮಾಡುವಾಗಲೂ ಪಟ್ಟಿ ನೋಡುತ್ತಲೇ ನಟ್ಟು ತಿರುಗಿಸಿ, ಕೊನೆಯ ಸುತ್ತಿನಲ್ಲಿ ಡಿಶ್ ಜರುಗುವುದುಂಟು. ಆಮೇಲೆ ಸ್ಕ್ಯಾನ್ ಕೊಡಿ. ಚಾನೆಲ್ ಪಟ್ಟಿಯಲ್ಲಿ ಡಿಡಿ ಚಂದನ ಕಾಣುತ್ತದೆ.

ಮನೆಯಲ್ಲಿ ಹಳೇ ಡಿಶ್ ಇದ್ದರೆ

ಸನ್ ಡೈರೆಕ್ಟ್ ಡಿಶ್ ಇದ್ದರೆ ನಿಮ್ಮ ಕೆಲಸ ಮುಗಿದಂತೆಯೇ. ಅದೂ 93.5 ಡಿಗ್ರಿಗೇ ನೋಡುತ್ತದೆ. ಫ್ರೀ ಡಿಶ್ ಬಾಕ್ಸ್ ತಂದು ಅದೇ ಕೇಬಲ್ ಚುಚ್ಚಿ ಸ್ಕ್ಯಾನ್ ಮಾಡಿ. ಡಿಶ್ ಟಿವಿಯದ್ದು 95 ಡಿಗ್ರಿ, ಪಕ್ಕದ್ದೇ. ಡಿಶ್ ಹಿಂದೆ ಆಕಾಶಕ್ಕೆ ಮುಖ ಮಾಡಿ ನಿಂತುಕೊಳ್ಳಿ. ಬಲಕ್ಕೆ ಎರಡು ಡಿಗ್ರಿ, ಮೇಲಕ್ಕೆ ಒಂದು ಡಿಗ್ರಿಗಿಂತ ಸ್ವಲ್ಪ ಜಾಸ್ತಿ. ಡಿಶ್‌ನ ಅಂಚು ಹಿಡಿದು ನೋಡಿದರೆ ಸುಮಾರು ಒಂದು ಸೆಂಟಿಮೀಟರ್ ಅಷ್ಟೇ. ಟಾಟಾ ಪ್ಲೇ 83 ಡಿಗ್ರಿ, ಏರ್‌ಟೆಲ್ 108. ಇವುಗಳಿಗೆ ಮೊದಲಿನಿಂದಲೇ ಕೂರಿಸಬೇಕು. ಪಕ್ಕದ ಮನೆಯವರ ಡಿಶ್ ನೋಡಿ ದಿಕ್ಕು ಹಿಡಿಯುವವರು ಅದು ಯಾವ ಕಂಪನಿಯದ್ದು ಅಂತ ಮೊದಲು ನೋಡಿಕೊಳ್ಳಿ.

ಡಿಶ್ ಹಾಕಲು ಜಾಗವೇ ಇಲ್ಲದ ಚಾಳ್ ಕೋಣೆ, ಬಾಡಿಗೆ ಮನೆಯವರು ಮೊಬೈಲ್‌ನಲ್ಲಿ ನೋಡಬಹುದು. ಪ್ರಸಾರ ಭಾರತಿ 2024ರ ನವೆಂಬರ್‌ನಲ್ಲಿ ಗೋವಾದ ಚಿತ್ರೋತ್ಸವದಲ್ಲಿ 'ವೇವ್ಸ್' ಎಂಬ ಆ್ಯಪ್ ಬಿಡುಗಡೆ ಮಾಡಿತು. ಯೂಟ್ಯೂಬ್‌ನಲ್ಲೂ ಚಂದನದ ಕಾರ್ಯಕ್ರಮಗಳಿವೆ. ಆದರೂ ಹಿರಿಯರಿಗೆ ರಿಮೋಟ್ ಒತ್ತಿದರೆ ಬರುವ ಟಿವಿಯೇ ಸುಲಭ. ಡೇಟಾ ಮುಗಿಯುವ ಚಿಂತೆಯೂ ಇಲ್ಲ.

ಮಳೆಗಾಲ ಮತ್ತು ಆಮೇಲೆ

ಮೇ ಕೊನೆಯಲ್ಲಿ ಒಮ್ಮೆ ಟೆರೇಸ್ ಹತ್ತಿ. ನಟ್ಟು ಬಿಗಿ ಮಾಡಿ, ತುಕ್ಕು ಹಿಡಿದದ್ದನ್ನು ಬದಲಿಸಿ, ಕನೆಕ್ಟರ್‌ಗೆ ಹೊಸ ಟೇಪ್ ಸುತ್ತಿ. ಜೋರು ಮಳೆಯಲ್ಲಿ ಹತ್ತು ಹದಿನೈದು ನಿಮಿಷ ಚಿತ್ರ ಹೋಗುವುದು ಸಹಜ, ಈ ಅಲೆಗಳನ್ನು ಮಳೆ ನೀರು ಹೀರುತ್ತದೆ. ಮಳೆ ನಿಂತರೂ ಬರದಿದ್ದರೆ ಕನೆಕ್ಟರ್ ಒಳಗೆ ನೀರು ಹೋಗಿದೆ ಅಂತ ತಿಳಿಯಿರಿ. ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ. ಗುಡುಗು ಮಿಂಚಿನಲ್ಲಿ ಟೆರೇಸ್‌ಗೆ ಹೋಗಬೇಡಿ, ಎಂಥ ಕಾರ್ಯಕ್ರಮವೇ ಇರಲಿ.

ಫ್ರೀ ಡಿಶ್‌ನಲ್ಲಿ ಖಾಸಗಿ ಚಾನೆಲ್‌ಗಳಿಗೆ ಜಾಗ ಹರಾಜಿನಲ್ಲಿ ಹೋಗುತ್ತದೆ. ಹಾಗಾಗಿ ಆಗಾಗ ಪಟ್ಟಿ ಅದಲುಬದಲಾಗುತ್ತದೆ, ನಂಬರ್ ಜರುಗುತ್ತವೆ. ಒಂದು ಬೆಳಿಗ್ಗೆ ಬೇರೆ ಚಾನೆಲ್ ಎಲ್ಲ ಬರುತ್ತಿದ್ದು ಚಂದನ ಮಾತ್ರ ಕಾಣದಿದ್ದರೆ ಡಿಶ್ ಮುಟ್ಟಲೇಬೇಡಿ. ಮೆನುವಿಗೆ ಹೋಗಿ ಪೂರ್ತಿ ರೀಸ್ಕ್ಯಾನ್ ಕೊಡಿ. ಸಿಕ್ಕಿದ ಮೇಲೆ ಫೇವರಿಟ್ ಪಟ್ಟಿಯಲ್ಲಿ ಮೊದಲನೆಯದಾಗಿ ಹಾಕಿ, ರಿಮೋಟ್‌ನಲ್ಲಿ ಆ ಗುಂಡಿ ಯಾವುದು ಅಂತ ಅಜ್ಜಿಗೆ ಒಮ್ಮೆ ಒತ್ತಿ ತೋರಿಸಿ.