ದ್ವೀಪದಲ್ಲಿರುವಾಗ ಗಾಳಿ ತಿರುಗಿದರೆ?

ಮಳೆ ಮುಗಿದು ಬಿಸಿಲು ಹದವಾದ ಮೇಲೆ ಕಾರವಾರದ ಕಡಲಿಗೆ ಜನ ಬರಲು ಶುರು ಮಾಡುತ್ತಾರೆ. ತೊಂದರೆ ಏನೆಂದರೆ, ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಏಳುವುದೂ ಅದೇ ಹೊತ್ತಿಗೆ. ಮೇ-ಜೂನ್ ಒಂದು ಹಂಗಾಮು, ಅಕ್ಟೋಬರ್‌ನಿಂದ ಡಿಸೆಂಬರ್ ಇನ್ನೊಂದು. 2019ರ ಕ್ಯಾರ್ ಎದ್ದಿದ್ದು ಅಕ್ಟೋಬರ್ ಕೊನೆಗೆ, 2021ರ ತೌಕ್ತೆ ಮೇ ನಡುವೆ. ಎರಡೂ ನಮ್ಮ ದಡಕ್ಕೆ ಹತ್ತಲಿಲ್ಲ, ಕಡಲಲ್ಲೇ ಹಾದು ಹೋದವು. ಅಲೆ ಮಾತ್ರ ಮನೆ ಬಾಗಿಲಿಗೆ ಬಂತು.

ಒಂದು ನವೆಂಬರಿನಲ್ಲಿ ನಾನು, ಭಾವ, ಅವರ ಇಬ್ಬರು ಮಕ್ಕಳು ಶಿರಸಿಯಿಂದ ಘಟ್ಟ ಇಳಿದು, ಹಾಯಿದೋಣಿ ಗೊತ್ತು ಮಾಡಿಕೊಂಡು ಕಾರವಾರದ ಎದುರಿನ ಕೂರ್ಮಗಡ ದ್ವೀಪಕ್ಕೆ ಹೊರಟೆವು. ಎರಡು ದಿನದ ಪ್ರವಾಸ ಅರ್ಧ ದಿನಕ್ಕೆ ಮುಗಿಯಿತು. ಆಗ ಕಲಿತದ್ದು ಇಲ್ಲಿದೆ.

ಹೊರಡುವ ಮುನ್ನ

ಹಿಂದಿನ ಸಂಜೆ ಹವಾಮಾನ ಇಲಾಖೆಯ ಮೀನುಗಾರರ ಮುನ್ಸೂಚನೆ ಓದಿ. ಊರಿಗೆ ಮಳೆ ಇದೆಯಾ ಇಲ್ಲವಾ ಅನ್ನುವುದು ಇಲ್ಲಿ ಮುಖ್ಯವಲ್ಲ, ಗಾಳಿ ಮುಖ್ಯ. ಇಲಾಖೆಯ ಲೆಕ್ಕದಲ್ಲಿ ಗಂಟೆಗೆ 31ರಿಂದ 49 ಕಿ.ಮೀ. ಗಾಳಿ ಇದ್ದರೆ ವಾಯುಭಾರ ಕುಸಿತ, 62 ದಾಟಿದರೆ ಚಂಡಮಾರುತ. ‘ಬರೀ ಕುಸಿತ ಅಲ್ವಾ’ ಅನ್ನಬೇಡಿ. ಗಾಳಿಯ ವೇಗ ಎರಡು ಪಟ್ಟಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ. ಮೀನುಗಾರರಿಗೆ ಕಡಲಿಗೆ ಇಳಿಯಬೇಡಿ ಎಂದಿದ್ದರೆ ನೀವೂ ಇಳಿಯಬೇಡಿ. ಬೈತಖೋಲದ ಬಂದರಿನಲ್ಲಿ ಹೊರರಾಜ್ಯದ ಬೋಟುಗಳು ಬಂದು ಲಂಗರು ಹಾಕಿವೆ ಎಂದರೂ ಅರ್ಥ ಅದೇ.

ದೋಣಿಯವರ ಹತ್ತಿರ ಎರಡು ಮಾತು ಮೊದಲೇ ಆಗಲಿ. ಹವಾಮಾನ ಕೆಟ್ಟರೆ ಮುಂಗಡ ವಾಪಸೋ, ಮುಂದಿನ ತಾರೀಕಿಗೋ? ವಾಪಸ್ ಹೊರಡುವ ನಿರ್ಧಾರ ಯಾರದ್ದು? ದುಡ್ಡು ಹೋಗುತ್ತದೆ ಎಂಬ ಸಂಕಟಕ್ಕೇ ಜನ ಜಾಸ್ತಿ ಹೊತ್ತು ಕೂರುತ್ತಾರೆ ಎಂದು ನನಗನ್ನಿಸುತ್ತದೆ. ಎರಡನೆಯದಕ್ಕೆ ಉತ್ತರ ದೋಣಿ ನಡೆಸುವ ತಾಂಡೇಲರೇ ಆಗಿರಬೇಕು. ಮನೆಯಲ್ಲಿರುವ ಒಬ್ಬರಿಗೆ ಎಲ್ಲಿಗೆ, ಎಷ್ಟು ಜನ, ಎಷ್ಟು ಗಂಟೆಗೆ ವಾಪಸ್ ಎಂದು ಬರೆದು ಕಳಿಸಿ.

ದ್ವೀಪದಲ್ಲಿ ನೋಡಬೇಕಾದದ್ದು

ಆಕಾಶ ನೋಡುತ್ತಾ ಕೂರಬೇಡಿ, ಅದು ಕೊನೆಗೆ ಕಪ್ಪಾಗುತ್ತದೆ. ನಮ್ಮ ಕರಾವಳಿಯಲ್ಲಿ ಸಾಮಾನ್ಯವಾಗಿ ಬೆಳಿಗ್ಗೆ ನೆಲದ ಗಾಳಿ, ಮಧ್ಯಾಹ್ನದಿಂದ ಕಡಲ ಗಾಳಿ. ಆ ದಿನ ಹನ್ನೆರಡೂವರೆ ಆದರೂ ಗಾಳಿ ಸದಾಶಿವಗಡದ ಕಡೆಯಿಂದ, ಅಂದರೆ ನೆಲದಿಂದಲೇ ಬೀಸುತ್ತಿತ್ತು. ನೀರು ಸಪಾಟು. ಮಕ್ಕಳು ಕಾಲು ಇಳಿಬಿಟ್ಟು ಅವಲಕ್ಕಿ ತಿನ್ನುತ್ತಿದ್ದರು. ಆದರೆ ಬಂಡೆಯ ಬುಡದಲ್ಲಿ ನೀರು ಸುಮ್ಮನೆ ಮೇಲೇಳುತ್ತಿತ್ತು, ನೊರೆಯಿಲ್ಲ, ಸದ್ದಿಲ್ಲ. ಒಂದು ಮೊಳ ಏರಿ ನಿಧಾನ ಇಳಿಯುತ್ತಿತ್ತು. ತಾಂಡೇಲರು ವಾಚು ನೋಡಿ ಎಣಿಸಿದರು. ಎರಡು ಅಲೆಯ ನಡುವೆ 14 ಸೆಕೆಂಡು. ಹತ್ತಿರದ ಗಾಳಿ ಎಬ್ಬಿಸಿದ ಅಲೆಗೆ ಅಷ್ಟು ಅಂತರ ಇರುವುದಿಲ್ಲ.

“ಇದು ಇಲ್ಲಿಯ ಅಲೆ ಅಲ್ಲ ಮಾರಾಯ್ರೆ. ದೂರದಿಂದ ಬಂದದ್ದು. ಹೊರಡುವ,” ಎಂದರು.

“ಬಿಸ್ಲು ಎಷ್ಟು ಚೊಲೋ ಇದ್ದು, ಇನ್ನೊಂದ್ ತಾಸು ಇಪ್ಪನ,” ಎಂದರು ಭಾವ.

ಅವರ ಲೆಕ್ಕ ತಪ್ಪಿದ್ದು ಎಲ್ಲಿ ಎಂದರೆ: ನಮ್ಮ ಕಡೆ ಚಂಡಮಾರುತದ ಗಾಳಿ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತದೆ. ಗಾಳಿಗೆ ಬೆನ್ನು ಕೊಟ್ಟು ನಿಂತರೆ ಅದರ ನಡು ನಿಮ್ಮ ಎಡಗೈ ಕಡೆ ಇರುತ್ತದೆ. ಅದು ದಕ್ಷಿಣದಲ್ಲಿರುವಾಗ ನಮಗೆ ಪೂರ್ವದ, ಅಂದರೆ ನೆಲದ ಕಡೆಯ ಗಾಳಿ, ಹಾಗಾಗಿ ದಡದ ಹತ್ತಿರ ನೀರು ಶಾಂತ. ಅದು ಉತ್ತರಕ್ಕೆ ಸರಿದಂತೆ ಗಾಳಿ ತಿರುಗಿ ದಕ್ಷಿಣದಿಂದ, ಆಮೇಲೆ ನೈಋತ್ಯದಿಂದ ಬೀಸುತ್ತದೆ. ಆಗ ತಡೆಯಲು ನೆಲವಿಲ್ಲ, ಇಡೀ ಸಮುದ್ರವೇ ತಳ್ಳಿಕೊಂಡು ಬರುತ್ತದೆ.

ವಾಪಸ್ ದಾರಿ

ಲೈಫ್ ಜಾಕೆಟ್ ದಡದಲ್ಲೇ ಹಾಕಿ, ಪಟ್ಟಿ ಬಿಗಿಯಿರಿ. ಮಕ್ಕಳ ಜಾಕೆಟನ್ನು ಭುಜದ ಹತ್ತಿರ ಹಿಡಿದು ಎತ್ತಿ ನೋಡಿ. ಗಲ್ಲದ ಮೇಲೆ ಜಾರಿದರೆ ದೊಡ್ಡದಾಯಿತು. ಹಾಯಿಯನ್ನು ಹೊರಡುವ ಮೊದಲೇ ಕಿರಿದು ಮಾಡಿಸಿ, ಗಾಳಿ ಎದ್ದ ಮೇಲೆ ಅದು ಕಷ್ಟ. ಎಲ್ಲರೂ ತಗ್ಗಾಗಿ ಕೂರಬೇಕು. ಫೋಟೋಕ್ಕೆಂದು ಒಂದೇ ಬದಿಗೆ ಸರಿಯುವುದು ಬೇಡ.

ಕಾಳಿ ನದಿ ಕಡಲು ಸೇರುವ ಅಳಿವೆ ಅತಿ ಕೆಟ್ಟ ಜಾಗ. ಇಳಿತದ ಹೊತ್ತಿಗೆ ನದಿ ನೀರು ಹೊರಗೆ ಹರಿಯುತ್ತದೆ, ಅಲೆ ಒಳಗೆ ನುಗ್ಗುತ್ತದೆ. ಎರಡೂ ಡಿಕ್ಕಿಯಾಗಿ ಅಲೆ ಗೋಡೆಯಂತೆ ನೆಟ್ಟಗಾಗುತ್ತದೆ. ಕದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟಿದ್ದರೆ ಇನ್ನೂ ಜೋರು. ಆದ್ದರಿಂದ ಭರತ (ಉಬ್ಬರ) ಏರುವಾಗ ಅಳಿವೆ ದಾಟಬೇಕು. 2019ರ ಜನವರಿ 21ರಂದು ಕೂರ್ಮಗಡದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ಅವತ್ತು ಚಂಡಮಾರುತವೇನೂ ಇರಲಿಲ್ಲ.

ದಾಟಲು ಆಗದು ಎಂದು ತಾಂಡೇಲರು ಹೇಳಿದರೆ ದ್ವೀಪದಲ್ಲೇ ಉಳಿಯಿರಿ. ಹಸಿವಾಗುತ್ತದೆ, ನೆನೆಯುತ್ತೀರಿ, ಅಷ್ಟೇ. ನೀರಿನಿಂದ ದೂರ, ಎತ್ತರಕ್ಕೆ ಹೋಗಿ. ಗುಡುಗಿದರೆ ಒಂಟಿ ಮರದ ಬುಡ ಬೇಡ. ಕರಾವಳಿ ಕಾವಲು ಪಡೆಯ ನಂಬರು 1554, ಕರಾವಳಿ ಕಾವಲು ಪೊಲೀಸರದ್ದು 1093. ದೋಣಿಯ ರೇಡಿಯೊದಲ್ಲಾದರೆ 16ನೇ ಚಾನೆಲ್. ಒಂದೇ ಫೋನು ಬಳಸಿ, ಉಳಿದವನ್ನು ಆಫ್ ಮಾಡಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಿ.

ನಾವು ಒಂದೂವರೆಗೆ ಹೊರಟು ಎರಡೂಕಾಲಿಗೆ ದಡದಲ್ಲಿದ್ದೆವು. ನಾಲ್ಕರ ಹೊತ್ತಿಗೆ ದಕ್ಷಿಣದ ಗಾಳಿ ಎದ್ದು ಕೂರ್ಮಗಡ ಮಳೆಯಲ್ಲಿ ಕಾಣದಾಯಿತು. ಭಾವ ಅದನ್ನು ನೋಡುತ್ತಾ ಎರಡನೇ ಪ್ಲೇಟು ಬಜ್ಜಿ ತರಿಸಿದರು.

ದಡ ಹತ್ತಿದ ಮೇಲೆ ಮೊದಲ ಫೋನು ಮನೆಗೆ. ನಾವು ಅದೊಂದನ್ನು ಮರೆತಿದ್ದೆವು. ಐದು ಗಂಟೆಗೆ ಶಿರಸಿಯಿಂದ ಅಕ್ಕನ ಫೋನು ಬಂದಾಗ ಅವಳು 112ಕ್ಕೆ ಹೇಳಿ ಆಗಿತ್ತು.